ಸೇತುವೆ ನೋಡಿದೆ ಎನ್ನುವ ಮೊದಲು ಕೆಳಗಿಳಿಯಿರಿ

ನಮಸ್ಕಾರ. ಕಳೆದ ಸಂಚಿಕೆಗೆ ಬಂದ ಒಂದು ಕಾಮೆಂಟ್ ನನ್ನ ತಲೆ ಕೊರೆಯುತ್ತಿದೆ. ‘ಪ್ರಾಗ್‌ನ ಚಾರ್ಲ್ಸ್ ಸೇತುವೆ ನೋಡಿದವರಿಗೆ ನಿಮ್ಮ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯಲ್ಲಿ ಐದು ನಿಮಿಷ ನಿಲ್ಲುವಂಥದ್ದೂ ಏನಿಲ್ಲ’ ಎಂದು ಬೆಂಗಳೂರಿನ ವೀಕ್ಷಕರೊಬ್ಬರು ಬರೆದಿದ್ದಾರೆ. ಸ್ವಾಮಿ, ನೀವು ನಿಂತದ್ದೆಲ್ಲಿ? ಮೇಲೆ ತಾನೆ? ಮೇಲಿನಿಂದ ನೋಡಿದರೆ ಎಂಥ ಸೇತುವೆಯೂ ಬರೀ ರಸ್ತೆ. ಕಲ್ಲಿನ ಸೇತುವೆಯನ್ನು ದಡಕ್ಕಿಳಿದು, ಕತ್ತೆತ್ತಿ ನೋಡಬೇಕು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಮೈಸೂರಿನ ದಿವಾನರಾಗಿ ಮುಂದುವರಿದ ಪೂರ್ಣಯ್ಯನವರು ತಮ್ಮ ಮೇಲ್ವಿಚಾರಣೆಯಲ್ಲಿ ಕಾವೇರಿಗೆ ಈ ಸೇತುವೆಯನ್ನು ಕಟ್ಟಿಸಿದರು. ಕೆಲಸ ಮುಗಿದದ್ದು 1804ರಲ್ಲಿ. ಹೆಸರು ಮಾತ್ರ ಗವರ್ನರ್ ಜನರಲ್ ಮಾರ್ಕ್ವೆಸ್ ವೆಲ್ಲೆಸ್ಲಿಯದು. (ಅವರ ತಮ್ಮ ಆರ್ಥರ್‌ನದಲ್ಲ, ಅದಕ್ಕೂ ಕಾಮೆಂಟ್ ಬರುವ ಮೊದಲೇ ಹೇಳಿಬಿಡುತ್ತೇನೆ.) ಹೆಸರು ಪರಂಗಿಯವರದಾದರೂ ಕಟ್ಟಿದ ಕ್ರಮ ಅಚ್ಚ ನಮ್ಮದು. ನೀರಿನಿಂದೆದ್ದ ಕಲ್ಲುಕಂಬ, ಕಂಬದ ತಲೆಯಿಂದ ಚಾಚಿಕೊಂಡ ಬೋದಿಗೆ, ಬೋದಿಗೆಗಳ ಮೇಲೆ ಕೂತ ಕಲ್ಲಿನ ತೊಲೆ: ದೇವಸ್ಥಾನದ ಮಂಟಪವನ್ನೇ ಹೊಳೆಯ ಅಗಲಕ್ಕೂ ಸಾಲಾಗಿ ನಿಲ್ಲಿಸಿದ್ದಾರೆ. ಕಲ್ಲು ಮೇಲಿನ ಭಾರವನ್ನು ತಾಳುತ್ತದೆ, ಆದರೆ ಬಾಗಿಸಿದರೆ ಬಿರಿಯುತ್ತದೆ. ಆದ್ದರಿಂದಲೇ ತೊಲೆಗಳು ಗಿಡ್ಡ, ಕಂಬಗಳು ಒತ್ತೊತ್ತು, ನಡುವಿನ ಅಂತರವನ್ನು ಇನ್ನಷ್ಟು ತಗ್ಗಿಸಲು ಬೋದಿಗೆ. ಈ ಜಾಣತನದಲ್ಲಿ ಒಂದಂಶವಾದರೂ ಮೇಲೆ ನಿಂತವರಿಗೆ ಕಾಣುತ್ತದೆಯೆ?

ಚಾರ್ಲ್ಸ್ ಸೇತುವೆಯ ಪಾಡೂ ಅದೇ. 1357ರಲ್ಲಿ ಶುರುವಾದ ಆ ಸೇತುವೆಯ ಮೇಲೆ ಜನ 30 ಶಿಲ್ಪಗಳೆದುರು ಮುಗಿಬೀಳುತ್ತಾರೆ. ಅವುಗಳಲ್ಲಿ ಬಹಳಷ್ಟು ಪ್ರತಿಕೃತಿಗಳು, ಮೂಲ ವಿಗ್ರಹಗಳನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿಯಾಗಿದೆ. ಶತಮಾನಗಳಿಂದ ವಲ್ಟಾವಾ ನದಿಯ ಪ್ರವಾಹಕ್ಕೆ ಎದೆಯೊಡ್ಡಿರುವ 16 ಕಮಾನುಗಳು ಕೆಳಗಿವೆ. ಪ್ರಾಗ್‌ಗೆ ಹೋಗಿಯೂ ಅವುಗಳನ್ನು ನೋಡದೆ ಬಂದಿದ್ದರೆ, ಮದುವೆಗೆ ಹೋಗಿ ಚಪ್ಪರ ನೋಡಿಕೊಂಡು ಬಂದಂತಾಯಿತು.

ಕೆಳಗೆ ಕೆಸರು, ಮುಳ್ಳು ಎನ್ನುವವರಿದ್ದಾರೆ. ಇರುತ್ತದೆ; ಹೊಳೆಯ ದಂಡೆಗೆ ಯಾರೂ ಟೈಲ್ಸ್ ಹಾಕಿಸುವುದಿಲ್ಲ. ಅಪಾಯ ಎನ್ನುವವರಿಗೆ, ಕೃಷ್ಣರಾಜಸಾಗರದ ಗೇಟು ತೆಗೆದ ದಿನ ಇಳಿಯಿರಿ ಎಂದು ನಾನು ಹೇಳಿಲ್ಲ. ಡ್ರೋನ್ ಹಾರಿಸಿದರೆ ಸಾಲದೆ ಎಂದು ಕೇಳಿದ ಮಹನೀಯರೇ, ಅದು ನಿಮ್ಮನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ, ನಾನು ಕೆಳಗೆ ಬನ್ನಿ ಎನ್ನುತ್ತಿದ್ದೇನೆ!

ಇನ್ನೆಷ್ಟು ಕಾರಣ ಕೊಡಲಿ? ಕೆಳಗಿನಿಂದಲೇ ನೋಡಬೇಕು, ಅಷ್ಟೇ. ಇನ್ನೂ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗದವರು ಆಗಿರಿ. ಭಾನುವಾರ ಮೈಸೂರು ರಸ್ತೆ ಹಿಡಿಯುವ ಬೆಂಗಳೂರಿನವರು ಮದ್ದೂರು ವಡೆಗೆ ಕೊಡುವಷ್ಟು ಹೊತ್ತನ್ನಾದರೂ ಈ ಸೇತುವೆಗೆ ಕೊಟ್ಟು, ಬೋದಿಗೆಯದೊಂದು ಫೋಟೊ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ತೋರಿಸುತ್ತೇನೆ. ಮೇಲೆ ನಿಂತು ತೆಗೆದ ಸೆಲ್ಫಿಗಳು ಎಷ್ಟೇ ಚೆನ್ನಾಗಿ ಬಂದಿದ್ದರೂ ತೋರಿಸುವುದಿಲ್ಲ.