ಅನ್ನದ ಭಾಷೆಗೆ ಒಂದು ಔಷಧ ಚೀಟಿ

ಕೇಳುಗರಿಗೆ ನಮಸ್ಕಾರ. ನಾನು ಮನೋವೈದ್ಯ, ರಾಜಕೀಯ ನನ್ನ ಕ್ಷೇತ್ರವಲ್ಲ. ಆದರೂ ಒಬ್ಬ ರಾಜಕಾರಣಿಯ ಬಗ್ಗೆ ಮಾತನಾಡಲು ಸಂತೋಷದಿಂದ ಬಂದಿದ್ದೇನೆ, ಏಕೆಂದರೆ ಅವರು ಮೊದಲು ನಮ್ಮ ಕಸುಬಿನವರು. ಹೆಸರು ಕಮೀಯ್ ಲೋರಾಂ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1922ರಲ್ಲಿ ಹುಟ್ಟಿದವರು. ಒಲೆಯ ಮೇಲೆ ಸಾರಿಟ್ಟುಕೊಂಡು ಕೇಳುತ್ತಿರುವವರಿಗೂ ನೆನಪಿರಲೆಂದು ಮೊದಲೇ ಹೇಳಿಬಿಡುತ್ತೇನೆ: ಭಾಷೆ ಅನ್ನ ಕೊಡಬೇಕು. ಲೋರಾಂ ಹಿಡಿದ ಹಟ ಇಷ್ಟೇ.

ಆದರೆ ಅವರ ಕಥೆ ಶುರುವಾಗುವುದು ಆಸ್ಪತ್ರೆಯಲ್ಲಿ. ಮಾಂಟ್ರಿಯಲ್‌ನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸಾವಿರಾರು ರೋಗಿಗಳನ್ನು ತುಂಬಿದ್ದರು. ಅಲ್ಲಿದ್ದು ಹೊರಬಂದ ರೋಗಿಯೊಬ್ಬರು ತಾವು ಕಂಡದ್ದನ್ನೆಲ್ಲ ಬರೆದರು. ಈಗ ನೀವೇ ಹೇಳಿ, ಅವರನ್ನು ನಂಬುವವರು ಯಾರು? 'ಹುಚ್ಚಾಸ್ಪತ್ರೆಯಿಂದ ಬಂದವನ ಮಾತು' ಎಂದರೆ ಮುಗಿಯಿತು. ನನ್ನ ಇಷ್ಟು ವರ್ಷಗಳ ವೃತ್ತಿಯಲ್ಲಿ ಅತಿ ಹೆಚ್ಚು ನೋಡಿದ ನೋವು ಇದೇ: ಮಾತಿಗೆ ಬೆಲೆ ಇಲ್ಲ ಎಂದು ಗೊತ್ತಾದವನು ಮೆಲ್ಲಗೆ ಮಾತನ್ನೇ ಬಿಡುತ್ತಾನೆ. ಆಗ ಲೋರಾಂ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯಶಾಸ್ತ್ರ ಕಲಿಸುತ್ತಿದ್ದ ಗೌರವಸ್ಥರು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಆ ಪುಸ್ತಕಕ್ಕೆ ತಮ್ಮ ಹೆಸರು ಹಾಕಿ ಹಿನ್ನುಡಿ ಬರೆದುಕೊಟ್ಟರು! ಪುಸ್ತಕ 1961ರಲ್ಲಿ ಬಂತು, ಗದ್ದಲವೆದ್ದಿತು. ಸರ್ಕಾರ ತನಿಖಾ ಸಮಿತಿ ನೇಮಿಸಿತು, ಆಸ್ಪತ್ರೆಗಳ ವ್ಯವಸ್ಥೆಯೇ ಬದಲಾಗತೊಡಗಿತು. ಈ ಭಾಗವನ್ನು ಹೇಳುತ್ತಾ ಹೋದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಇದಕ್ಕೂ ಭಾಷೆಗೂ ಏನು ಸಂಬಂಧ ಎನ್ನುವಿರಾ? ಕ್ವಿಬೆಕ್‌ನಲ್ಲಿ ಹತ್ತರಲ್ಲಿ ಎಂಟು ಮಂದಿಯ ಮನೆಮಾತು ಫ್ರೆಂಚ್. ಆದರೆ 1961ರ ಲೆಕ್ಕದಲ್ಲಿ 14 ಜನಾಂಗಗಳ ಗಂಡಸರ ಆದಾಯವನ್ನು ಸಾಲಾಗಿಟ್ಟರೆ ಫ್ರೆಂಚ್ ಮೂಲದವರು 12ನೆಯವರು. ತಮ್ಮದೇ ನೆಲದಲ್ಲಿ! ಮನೆಯಲ್ಲಿ ಫ್ರೆಂಚ್, ಮೇಲಧಿಕಾರಿಯ ಮುಂದೆ ಇಂಗ್ಲಿಷ್. ಲೋರಾಂ ಕಣ್ಣಿಗೆ ಇಡೀ ಸಮಾಜವೇ ಆ ರೋಗಿಯಂತೆ ಕಂಡಿತು. ಉಪದೇಶದಿಂದ ಇದು ವಾಸಿಯಾಗುವುದಿಲ್ಲ. ಭಾಷೆ ಅನ್ನ ಕೊಡಬೇಕು.

1976ರಲ್ಲಿ ಅವರ ಪಕ್ಷ ಗೆದ್ದಿತು, ಅವರು ಮಂತ್ರಿಯಾದರು. ಮರುವರ್ಷ ಆಗಸ್ಟ್ 26ರಂದು ಫ್ರೆಂಚ್ ಭಾಷೆಗಾಗಿ ಅವರು ರೂಪಿಸಿದ 101ನೆಯ ಮಸೂದೆ ಶಾಸನವಾಯಿತು. ಅಂದಿನ ಕಟ್ಟಳೆ ಹೀಗಿತ್ತು: ಐವತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿ ಫ್ರೆಂಚಿನಲ್ಲಿ ವ್ಯವಹರಿಸಬೇಕು, ಅಂಗಡಿಯ ಫಲಕ ಫ್ರೆಂಚಿನಲ್ಲಿರಬೇಕು, ವಲಸೆ ಬಂದವರ ಮಕ್ಕಳು ಫ್ರೆಂಚ್ ಶಾಲೆಗೆ ಹೋಗಬೇಕು. ದೊಡ್ಡ ವಿಮಾ ಕಂಪನಿಯೊಂದು ತನ್ನ ಪ್ರಧಾನ ಕಚೇರಿಯನ್ನು ಟೊರಾಂಟೊಗೆ ಒಯ್ಯುವುದಾಗಿ ಸಾರಿತು. ಮುಂದೆ ಸುಪ್ರೀಂ ಕೋರ್ಟ್ ಕೆಲವು ಕಲಮುಗಳನ್ನು ತೆಗೆದುಹಾಕಿತು. ಅಷ್ಟೇಕೆ, ಅವರ ಮುಖ್ಯಮಂತ್ರಿ ರೆನೆ ಲೆವೆಕ್ ಅವರಿಗೇ ಇರುಸುಮುರುಸು: ತಾಯ್ನುಡಿ ಉಳಿಸಲು ಕಾನೂನು ಬೇಕಾದ ಸಮಾಜ ಎಂಥದ್ದು ಎಂದು. ಕಾಲು ಮುರಿದವನಿಗೆ ಊರುಗೋಲು ಕೊಡಲು ವೈದ್ಯ ನಾಚುತ್ತಾನೆಯೇ, ಸ್ವಾಮಿ?

ಶಾಲೆಯ ವಿಷಯ ವಿವರವಾಗಿ ಹೇಳಬೇಕೆಂದಿದ್ದೆ, ನಿರ್ವಾಹಕರು ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕೊನೆಗೊಂದು ಮಾತು. ಫ್ರಾನ್ಸಿನ ರಸ್ತೆಗಳಲ್ಲಿ ವಾಹನ ನಿಲ್ಲಿಸುವ ಕೆಂಪು ಫಲಕದ ಮೇಲೆ 'ಸ್ಟಾಪ್' ಎಂದೇ ಬರೆದಿರುತ್ತದೆ. ಕ್ವಿಬೆಕ್‌ಗೆ ಹೋದರೆ ನೋಡಿ, ಅಲ್ಲಿ 'ಆರೆ' ಎಂದಿರುತ್ತದೆ, ಅಪ್ಪಟ ಫ್ರೆಂಚ್. ನಮಸ್ಕಾರ.