ಉಬ್ಬಸಕ್ಕೆ ಮೂರು ಮಾತ್ರೆಯ ಪಟ್ಟಿ

ನಮಸ್ಕಾರ. ಇವತ್ತು ನಮ್ಮಮ್ಮನ ಮಾತ್ರೆ ಡಬ್ಬಿಯಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಅಜಿಥ್ರೊಮೈಸಿನ್ 500ರ ಪಟ್ಟಿ ಇತ್ತು, ಅಂದರೆ ಬ್ಯಾಕ್ಟೀರಿಯಾ ವಿರುದ್ಧದ ಆಂಟಿಬಯಾಟಿಕ್. ಮೂರು ಮಾತ್ರೆಯದು, ಒಂದು ಖಾಲಿ. ಚಳಿ ಶುರುವಾಗಿ ಎದೆ ಸುಯ್ ಸುಯ್ ಅಂದಾಗ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತರಿಸಿದ್ದರು. ಒಂದು ನುಂಗಿ, ಹಗುರ ಅನಿಸಿ, ಬಿಟ್ಟಿದ್ದರು.

"ಕಫದಲ್ಲಿ ಬ್ಯಾಕ್ಟೀರಿಯಾ ಇರುತ್ತೆ, ಅಲ್ವೇನೋ?" ಅಂದರು.

ಪ್ರಶ್ನೆ ತಪ್ಪಲ್ಲ. ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿಗಳೇ ಇರುವುದಿಲ್ಲ ಎಂದು ಡಾಕ್ಟರುಗಳೇ ಬಹಳ ಕಾಲ ನಂಬಿದ್ದರು. 2010ರಲ್ಲಿ ಲಂಡನ್ನಿನ ಸಂಶೋಧಕರು ಉಸಿರುನಾಳದ ಒಳಗಿನಿಂದಲೇ ಮಾದರಿ ತೆಗೆದು ನೋಡಿದರು. ಆರೋಗ್ಯವಂತರಲ್ಲೂ ಬ್ಯಾಕ್ಟೀರಿಯಾ ಇದ್ದವು. ಆದರೆ ಉಬ್ಬಸ ಇದ್ದವರಲ್ಲಿ ಹೀಮೊಫಿಲಸ್‌ನಂಥವು ಜಾಸ್ತಿ, ಪ್ರಿವೊಟೆಲ್ಲಾದಂಥವು ಕಡಿಮೆ. ಊರು ಅದೇ, ಒಕ್ಕಲು ಬೇರೆ.

2017ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ಸುದ್ದಿ ಬಂತು. ಇನ್‌ಹೇಲರ್ ತೆಗೆದುಕೊಂಡೂ ಉಬ್ಬಸ ಹತೋಟಿಗೆ ಬಾರದ 420 ವಯಸ್ಕರು. ಅವರಲ್ಲಿ ಅರ್ಧ ಮಂದಿಗೆ ಇದೇ ಅಜಿಥ್ರೊಮೈಸಿನ್ 500, ವಾರಕ್ಕೆ ಮೂರು ಸಲ, 48 ವಾರ. ಉಬ್ಬಸ ಕೆರಳುವುದು ಸುಮಾರು 40% ಕಡಿಮೆಯಾಯಿತು.

"ನೋಡು, ನಾನು ಹೇಳಲಿಲ್ವಾ?" ಅಂದರು ಅಮ್ಮ. ಇಲ್ಲೇ ನನಗೆ ಜೀವ ಝಲ್ಲೆನ್ನುವುದು. ಆ ಆಸ್ಟ್ರೇಲಿಯಾದವರು ಇನ್‌ಹೇಲರ್ ಬಿಟ್ಟವರಲ್ಲ, ಅದರ ಜೊತೆಗೆ ಮಾತ್ರೆ ತೆಗೆದುಕೊಂಡವರು. ಮಾತ್ರೆಯಿಂದ ತೊಂದರೆ ಆದೀತೆಂದು ಕಿವಿ ಮಂದ ಇದ್ದವರನ್ನು, ಇಸಿಜಿಯಲ್ಲಿ ಏರುಪೇರು ಕಂಡವರನ್ನು ಮೊದಲೇ ಹೊರಗಿಟ್ಟಿದ್ದರು. ಆಮೇಲೆ ಅವರ ಕಫ ಪರೀಕ್ಷಿಸಿದಾಗ ಹೀಮೊಫಿಲಸ್ ಕಡಿಮೆಯಾಗಿತ್ತು ನಿಜ, ಆದರೆ ಔಷಧಿಗೆ ಬಗ್ಗದಿರುವ ಗುಣ ಕೊಡುವ ಬ್ಯಾಕ್ಟೀರಿಯಾದ ಜೀನುಗಳು ಹೆಚ್ಚಾಗಿದ್ದವು. ಡಾಕ್ಟರ ಕಣ್ಗಾವಲಿನಲ್ಲೇ ಹೀಗಾದರೆ, ನಾವು ಮನಸ್ಸು ಬಂದಾಗ ಒಂದೊಂದು ನುಂಗಿದರೆ ಏನಾಗಬೇಡ? ಅಷ್ಟಕ್ಕೂ ಉಬ್ಬಸ ಕೆರಳಿಸುವುದು ಹೆಚ್ಚಾಗಿ ನೆಗಡಿಯ ವೈರಸ್. ಅದಕ್ಕೆ ಈ ಮಾತ್ರೆ ಏನೂ ಮಾಡುವುದಿಲ್ಲ.

ಚೀಟಿ ಇಲ್ಲದೆ ಈ ಪಟ್ಟಿ ಕೊಡಬೇಡಿ ಅಂತ ಅಂಗಡಿಯವರನ್ನೂ ಕೈಮುಗಿದು ಕೇಳುತ್ತೇನೆ. ನಿಮ್ಮ ಉಬ್ಬಸಕ್ಕೆ ಇದು ಬೇಕೋ ಬೇಡವೋ ಎನ್ನುವುದನ್ನು ಶ್ವಾಸಕೋಶದ ಡಾಕ್ಟರು ಹೇಳಲಿ.

ಆಮೇಲೆ ಅಮ್ಮನ ಇನ್‌ಹೇಲರ್ ತಿರುಗಿಸಿ ಎಣಿಕೆ ನೋಡಿದೆ. ದಿನಾ ಎರಡು ಹೊತ್ತು ತೆಗೆದುಕೊಳ್ಳಬೇಕಾದದ್ದು. ತಂದು ಎರಡು ತಿಂಗಳಾಗಿತ್ತು. 120ರಲ್ಲಿ 112 ಹಾಗೇ ಇತ್ತು. "ಅಭ್ಯಾಸ ಆಗಿಬಿಡುತ್ತೆ ಅಂತಾರಲ್ಲೋ" ಅಂದರು. ಇಲ್ಲಮ್ಮ, ಆಗಲ್ಲ. ಈಗ ಅದು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿದೆ. ಮೊದಲು ಇನ್‌ಹೇಲರ್, ಆಮೇಲೆ ಬ್ರಷ್, ಬಾಯಿ ಮುಕ್ಕಳಿಸುವುದೂ ಅದರಲ್ಲೇ ಆಗುತ್ತದೆ.