ಡೊಮೈನ್‌ಗೆ ದುಡ್ಡು ಹಾಕುವ ಮುನ್ನ: ಬಳ್ಳಾರಿ ಜೀನ್ಸ್‌ನವರಿಗೆ ಒಂದು ಮಾತು

ನಮಸ್ಕಾರ. "ಸರ್, ಜೀನ್ಸ್ ಹೋಲ್‌ಸೇಲ್ ಅನ್ನೋ ಪದ ಇರುವ ಡೊಮೈನ್ ನಮ್ಮ ಹತ್ತಿರ ಇದೆ. ತಗೊಂಡುಬಿಡಿ, ಗೂಗಲ್‌ನಲ್ಲಿ ಮೊದಲ ಪುಟಕ್ಕೆ ಬರ್ತೀರಿ." ಹೀಗೆ ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ನಂಬಬೇಡಿ. ಡೊಮೈನ್ ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ವೆಬ್‌ಸೈಟಿನ ವಿಳಾಸದ ಹೆಸರು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಬೆವರು ಸುರಿಸಿ ದುಡಿದ ದುಡ್ಡು ಇಂಥ ಮಾತಿಗೆ ಹೋಗಬಾರದು ಅನ್ನುವುದೇ ನನ್ನ ಕಳಕಳಿ.

ಒಂದು ಕಾಲದಲ್ಲಿ ಆ ಮಾತಿನಲ್ಲಿ ಸತ್ಯ ಇತ್ತು. ಜನ ಹುಡುಕುವ ಪದವೇ ವೆಬ್‌ಸೈಟಿನ ಹೆಸರಾಗಿದ್ದರೆ ಅದು ಸುಲಭವಾಗಿ ಮೇಲೆ ಬರುತ್ತಿತ್ತು. ಒಳಗೆ ಏನೂ ಇಲ್ಲದ ಸೈಟ್‌ಗಳು ಬರೀ ಹೆಸರಿನ ಬಲದಲ್ಲಿ ಮುಂದೆ ನಿಲ್ಲುತ್ತಿದ್ದವು. 2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇಂಥವಕ್ಕೆ ಕಡಿವಾಣ ಹಾಕಿತು. ಈಗಂತೂ ಡೊಮೈನ್‌ನಲ್ಲಿರುವ ಕೀವರ್ಡ್‌ನಿಂದ, ಅಂದರೆ ಜನ ಹುಡುಕುವ ಪದದಿಂದ, ರ‍್ಯಾಂಕಿಂಗ್‌ಗೆ ಹೆಚ್ಚೇನೂ ಉಪಯೋಗ ಇಲ್ಲ ಅಂತ ಗೂಗಲ್ಲೇ ಹೇಳುತ್ತದೆ.

ಹೀಗೆ ಹೇಳಿದರೆ ಡೊಮೈನ್ ಮಾರುವವರು ದೊಡ್ಡ ದೊಡ್ಡ ಅಂಕಿ ತೆಗೆಯುತ್ತಾರೆ. ಇನ್ಶೂರೆನ್ಸ್ ಡಾಟ್ ಕಾಮ್ 2010ರಲ್ಲಿ 3.56 ಕೋಟಿ ಡಾಲರ್‌ಗೆ ಹೋಯಿತು, ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಹೋಯಿತು. ಎರಡೂ ನಿಜ. ಆದರೆ ಅವು ಒಂದೇ ಪದದ ಹೆಸರುಗಳು. ಅಂಥ ಹೆಸರು ಇಡೀ ಜಗತ್ತಿನಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಇರಲು ಸಾಧ್ಯ. ನಾಲ್ಕು ಪದ ಜೋಡಿಸಿ, ನಡುವೆ ಅಡ್ಡಗೆರೆ ಹಾಕಿದ ಹೆಸರಿಗೂ ಅದಕ್ಕೂ ಏನು ಸಂಬಂಧ?

ಹಾಗಂತ ಡೊಮೈನೇ ಬೇಡ ಅನ್ನುತ್ತಿಲ್ಲ. ಬೇಕೇ ಬೇಕು. ನಮ್ಮೂರಲ್ಲಿ ಹೊಲಿದ ಪ್ಯಾಂಟು ಬೇರೆಯವರ ಲೇಬಲ್ ಹಾಕಿಕೊಂಡು ಹೋಗುವುದೂ ಇದೆ, ಅಲ್ವಾ? ತೊಟ್ಟವರಿಗೆ ಹೊಲಿದವರು ಯಾರು ಅಂತ ಗೊತ್ತೇ ಆಗುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಬಿಲ್ ಮೇಲೆ, ಬಂಡಲ್ ಮೇಲೆ, ವಿಸಿಟಿಂಗ್ ಕಾರ್ಡ್ ಮೇಲೆ ನಿಮ್ಮದೇ ವೆಬ್‌ಸೈಟಿನ ವಿಳಾಸ ಇದ್ದರೆ ಬೇರೆ ಊರಿನ ವ್ಯಾಪಾರಿ ಮುಂದಿನ ಆರ್ಡರ್‌ಗೆ ನೇರ ನಿಮ್ಮ ಹತ್ತಿರ ಬರಬಹುದು. ಡೊಮೈನ್‌ನ ಬೆಲೆ ಇರುವುದು ಅಲ್ಲಿ. ಫೋನಿನಲ್ಲಿ ಒಮ್ಮೆ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು.

ಹೆಸರಿನಲ್ಲಿ 'ಜೀನ್ಸ್' ಇರಲೇಬೇಕಾ? ಇದ್ದರೆ ಏನು ಮಾರುತ್ತೀರಿ ಅಂತ ತಕ್ಷಣ ಗೊತ್ತಾಗುತ್ತದೆ, ಅದು ಒಳ್ಳೆಯದೇ. ಆದರೆ ನಾಳೆ ಶಾಲೆ ಯೂನಿಫಾರ್ಮ್ ಹೊಲಿಯಲು ಶುರು ಮಾಡಿದರೆ ಅದೇ ಹೆಸರು ಅಡ್ಡ ಬರುತ್ತದೆ. ಅಮೆಜಾನ್ 1995ರಲ್ಲಿ ಮಾರಾಟ ಶುರು ಮಾಡಿದ್ದು ಬರೀ ಪುಸ್ತಕಗಳಿಂದ. ಹೆಸರಿನಲ್ಲಿ ಪುಸ್ತಕ ಇರಲಿಲ್ಲ, ಆಮೇಲೆ ಏನು ಮಾರಿದರೂ ನಡೆಯಿತು. ನನ್ನ ಆಯ್ಕೆ ಅಂದರೆ ನಿಮ್ಮ ಅಂಗಡಿ ಹೆಸರು, ಜೊತೆಗೆ ಊರಿನ ಹೆಸರು.

ಊರಿನ ಹೆಸರಿನಲ್ಲಿ ಒಂದು ತೊಡಕಿದೆ. 2014ರ ನವೆಂಬರ್ 1ರಿಂದ ನಮ್ಮ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ Bellary ಹೋಗಿ Ballari ಆಗಿದೆ. ಹಳೆಯ ವ್ಯಾಪಾರಿಗಳು ಇವತ್ತಿಗೂ 'ಬೆಲ್ಲಾರಿ' ಅಂತಲೇ ಟೈಪ್ ಮಾಡುತ್ತಾರೆ. ಹಾಗಾಗಿ ಎರಡೂ ಸ್ಪೆಲ್ಲಿಂಗ್ ಕೊಳ್ಳಿ, ಹಳೆಯದನ್ನು ಹೊಸದಕ್ಕೆ ರೀಡೈರೆಕ್ಟ್ ಮಾಡಿ, ಅಂದರೆ ಹಳೆಯದನ್ನು ಟೈಪ್ ಮಾಡಿದವರೂ ಹೊಸದಕ್ಕೇ ಬರುವಂತೆ ಮಾಡಿಸಿ. ಸಿಂಧನೂರು, ಗಂಗಾವತಿ ಕಡೆಯ ಅಕ್ಕಿ ಮಿಲ್ಲಿನವರಿಗೂ ಇದೇ ಮಾತು. ಸೋನಾ ಮಸೂರಿಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ. ಇನ್ನು ದೊಡ್ಡ ಬ್ರ್ಯಾಂಡ್‌ಗಳ ಹೆಸರನ್ನು ಡೊಮೈನ್‌ಗೆ ಸೇರಿಸಲೇಬೇಡಿ. ಟ್ರೇಡ್‌ಮಾರ್ಕ್ ಇದ್ದವರು ದೂರು ಕೊಟ್ಟರೆ ಡೊಮೈನ್ ಕೈತಪ್ಪಬಹುದು.

ಯಾರೂ ತೆಗೆದುಕೊಳ್ಳದ ಸಾಮಾನ್ಯ ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಸಾಕು. ಮೊದಲ ವರ್ಷದ ಆಫರ್ ನೋಡಿ ಮರುಳಾಗಬೇಡಿ, ರಿನ್ಯೂವಲ್ ರೇಟ್ ಕೇಳಿ. ಉಳಿದ ದುಡ್ಡಿನಲ್ಲಿ ನಿಮ್ಮ ಮಾಲಿನ ಒಳ್ಳೆಯ ಫೋಟೋ ತೆಗೆಸಿ. ಸೈಜು, ಬಟ್ಟೆಯ ತೂಕ, ಕನಿಷ್ಠ ಎಷ್ಟು ಪೀಸ್ ಆರ್ಡರ್, ಎಲ್ಲ ಸೈಟಿನಲ್ಲಿ ಬರೆಸಿ. ಹುಡುಕಿಕೊಂಡು ಬಂದವರಿಗೆ ಬೇಕಾಗಿರುವುದು ಇದೇ.

ಈಗಾಗಲೇ ಸೈಟ್ ಇದ್ದವರು ಇವತ್ತೇ ಒಂದು ಕೆಲಸ ಮಾಡಿ. ಡೊಮೈನ್ ಯಾರ ಹೆಸರಿನಲ್ಲಿ, ಯಾರ ಇಮೇಲ್‌ನಲ್ಲಿ ರಿಜಿಸ್ಟರ್ ಆಗಿದೆ ನೋಡಿ. ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ, ಲಾಗಿನ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಆಟೋ ರಿನ್ಯೂವಲ್ ಹಾಕಿಸಿ.